ಗದಿಗೆವ್ವನ ಗಂಟಲು, ಸಿಮ್ರಾನಳ ಸಾ

ಗದಿಗೆವ್ವನ ಗಂಟಲಿಗೆ ಮೈಕಿನ ಹಂಗಿಲ್ಲ. ಹಾವೇರಿಯ ಜಿಲ್ಲಾ ಕಚೇರಿ ಮುಂದೆ ನಾವು ರೈತರು ಧರಣಿ ಕೂತಾಗಲೆಲ್ಲ ಘೋಷಣೆ ಎತ್ತುವವಳು ಅವಳೇ. ಬಾಡಿಗೆ ಮೈಕು ಕೈಕೊಟ್ಟಾಗ ಗಂಡಸರು ವಯರು ಹಿಡಿದು ಪರದಾಡುತ್ತಿದ್ದರು. ಅವಳು ಸೆರಗು ಸಿಗಿಸಿ ಎದ್ದು ಒಮ್ಮೆ ಕೂಗಿದರೆ ಮೇಲಿನ ಮಾಳಿಗೆಯ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಪೊಲೀಸರೂ ಅವಳನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದರು. ಈಗ ಮೊಣಕಾಲು ಮಾತು ಕೇಳುವುದಿಲ್ಲ. ಧರಣಿಗೆ ಬರುವುದು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ.

ಬ್ಯಾಡಗಿಯ ಅಂಗಳಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು ಅವಳ ಹೊಟ್ಟೆಪಾಡು. ಅದರ ಜೊತೆಗೆ ಯಾರೂ ಹೇಳದೆ ತಲೆಗೆ ಕಟ್ಟಿಕೊಂಡ ಇನ್ನೊಂದು ಕೆಲಸವಿದೆ: ಓಣಿಯ ಮಕ್ಕಳನ್ನು ಸಂಗೀತಕ್ಕೆ ಹಚ್ಚುವುದು. ಮೊಮ್ಮಗಳು ಐಶ್ವರ್ಯ ಹಾಡು ಕಲಿಯಬೇಕೆಂದು ಹಟ ಹಿಡಿದಾಗ ಅವಳನ್ನು ರಾಣೆಬೆನ್ನೂರಿಗೆ ಕರೆದೊಯ್ದು, ಮನೆಯಲ್ಲೇ ಪಾಠ ಹೇಳುವ ಅಂದಾನೆಪ್ಪ ಮಾಸ್ತರರ ಬಾಗಿಲು ಬಡಿದಳು. ಅಲ್ಲಿಂದ ಶುರುವಾಯಿತು. ನೆರೆಮನೆಯ ತಾಯಂದಿರು ಒಬ್ಬೊಬ್ಬರಾಗಿ ಬಂದು ಪಿಸುಗುಟ್ಟತೊಡಗಿದರು.

“ಗದಿಗೆಕ್ಕ, ಮೊದಲ ಹಾರ್ಮೋನಿಯಂ ತರಬೇಕೇನು?”

“ಏನೂ ತರಬ್ಯಾಡ. ಹುಡುಗನ್ನಷ್ಟ ಕರಕೊಂಡ ಬಾ. ಪೆಟ್ಟಿಗಿ ಮಾಸ್ತರ ಮನ್ಯಾಗ ಐತಿ. ಹುಡುಗ ಬಿಟ್ಟು ಓಡಿಹೋಗಲಿಲ್ಲಂದ್ರ ಮುಂದ ನೋಡೂಣು.”

“ಅಲ್ಲಿ ಏನ್ ಮಾತಾಡಬೇಕೋ ನನಗ ತಿಳಿಯೂದಿಲ್ಲವಾ.”

“ಮಾತಾಡಬ್ಯಾಡ. ಗ್ವಾಡಿಗೆ ಬೆನ್ನ ಹಚ್ಚಿ ಕುಂದ್ರು. ನನ್ನ ಮಗ ಟೀವ್ಯಾಗ ಯಾವಾಗ ಹಾಡತಾನ ಅಂತ ಕೇಳಿದ್ಯೋ, ಮಾಸ್ತರಕಿಂತ ಮೊದಲ ನಾ ಹೊರಗ ಹಾಕತೇನಿ.”

ಇಷ್ಟು ಕೇಳಿದ ಮೇಲೆ ತಾಯಂದಿರ ಎದೆ ಹಗುರಾಗುತ್ತಿತ್ತು. ಅವರಿಗೆ ಬೇಕಿದ್ದುದು ಸಂಗೀತದ ಮಾಹಿತಿಯಲ್ಲ. ಗುರುತಿಲ್ಲದ ಮನೆಯ ಹೊಸ್ತಿಲು ದಾಟಲು ಜೊತೆಗೊಬ್ಬರು ಬೇಕಿತ್ತು.

ಗದಿಗೆವ್ವನ ಗೋಡೆಯಾಚೆಯ ಮನೆಯ ಗುಲಾಬಬಿಯ ಮಗಳು ಸಿಮ್ರಾನ. ಪಾತ್ರೆ ತೊಳೆಯುವಾಗ, ನೀರು ತುಂಬುವಾಗ ಈ ಹುಡುಗಿ ಒಂದೇ ಸಮನೆ ಹಾಡುತ್ತಿದ್ದಳು. ಯಾರಾದರೂ ಇಣುಕಿದರೆ ಮುಗಿಯಿತು, ಬಾಯಿಗೆ ಬೀಗ. ಅವಳನ್ನು ಮಾಸ್ತರರ ಬಳಿ ಕಳಿಸಲು ಗುಲಾಬಬಿಗೆ ಮನಸ್ಸಿತ್ತು. ಅಡ್ಡ ನಿಂತವನು ಅವಳ ಮಾವ, ಹುಡುಗಿಯ ಅಜ್ಜ ಬುಡನಸಾಬ. ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿ ಇಟ್ಟವನು, ಮಾತಿನಲ್ಲೂ ಸೂಜಿ ಚುಚ್ಚುವವನು.

“ನೋಡು ಗದಿಗೆವ್ವ, ಇಕಿ ಅಣ್ಣ ಚಿತ್ರ ಬರಿಯಾಕ ಹೋದ, ಬಿಟ್ಟ. ಕಂಪ್ಯೂಟರ್ ಅಂದ, ಅದನ್ನೂ ಬಿಟ್ಟ. ಆಯಿತವಾರ ನಾನೂ ಬರತೇನಿ. ಈ ಗಂಟಲಕ್ಕ ಹಾಡು ಹತ್ತೂದಿಲ್ಲ ಅಂತ ಮಾಸ್ತರ ಅಂದ್ರ, ಮತ್ತ ನನ್ನ ಮುಂದ ಈ ಮಾತು ತೆಗೀಬಾರದು. ಒಪ್ಪಿಗೇನು?”

“ಒಪ್ಪಿಗಿ” ಎಂದಳು ಗದಿಗೆವ್ವ. ಒಪ್ಪಿದ ಮೇಲೆ ಅವಳಿಗೇ ದಿಗಿಲಾಯಿತು. ಮಾಸ್ತರರ ಮುಂದೆ ಹುಡುಗಿ ಬಾಯಿಯೇ ಬಿಡದಿದ್ದರೆ?

ಬಾಯಿ ಬಿಡಿಸುವ ದಾರಿ ಗದಿಗೆವ್ವನಿಗೆ ಗೊತ್ತಿದ್ದುದು ಒಂದೇ. ಹೊಸದಾಗಿ ಧರಣಿಗೆ ಬಂದ ಹೆಂಗಸರ ನಾಚಿಕೆ ಬಿಡಿಸಲು ಅವಳು ಮಾಡುತ್ತಿದ್ದುದೇ ಅದು. ಶನಿವಾರ ಸಂಜೆ ಕೆಲಸ ಮುಗಿದ ಅಂಗಳದ ನಡುವೆ ಸಿಮ್ರಾನಳನ್ನು ನಿಲ್ಲಿಸಿ, ತಾನು ಆ ತುದಿಗೆ ಹೋಗಿ ನಿಂತಳು.

“ಸಾಹೇಬ ಮ್ಯಾಲಿನ ಮಾಳಿಗ್ಯಾಗ ಬಾಗಲಾ ಹಾಕ್ಕೊಂಡು ಕುಂತಾನ ಅಂತ ತಿಳಕೊ. ಅವಗ ಕೇಳಬೇಕು. ಬೇಕೇ ಬೇಕು!”

“ನ್ಯಾಯ ಬೇಕು” ಎಂದು ಹುಡುಗಿ ತಲೆ ತಗ್ಗಿಸಿ ತನ್ನ ಅಂಗಿಗೇ ಹೇಳಿಕೊಂಡಳು.

“ಥೂ! ಸಾಹೇಬ ನಿದ್ದಿ ಹೊಡ್ಯಾಕತ್ತಾನ. ಇನ್ನೊಮ್ಮಿ!”

ಸ್ವಲ್ಪ ಹೊತ್ತಿನಲ್ಲಿ ಹುಡುಗಿಗೆ ಹುಕಿ ಬಂತು. “ಬೇಕೇ ಬೇಕು, ಹಾಡು ಬೇಕು!” ಎಂದು ತಾನೇ ಮಾತು ಬದಲಿಸಿಕೊಂಡು, ಮುಷ್ಟಿ ಎತ್ತಿ ಅಂಗಳವೆಲ್ಲ ಓಡಾಡಿ ಕೂಗಿದಳು. ಗದಿಗೆವ್ವ ಹಿಗ್ಗಿಹೋದಳು. ಮೆಣಸಿನಕಾಯಿ ಘಾಟು ತುಂಬಿದ ಗಾಳಿಯಲ್ಲಿ ಎಳೆಯ ಗಂಟಲು ಅಷ್ಟು ಹೊತ್ತು ಕೂಗಿದರೆ ಏನಾಗುತ್ತದೆಂದು ಅವಳಿಗೆ ಹೊಳೆಯಲಿಲ್ಲ. ಅವಳ ಗಂಟಲಿಗೆ ಅಂಥದ್ದೇನೂ ಎಂದೂ ಆದದ್ದಿಲ್ಲವಲ್ಲ!

ಬೆಳಿಗ್ಗೆ ಗುಲಾಬಬಿ ಓಡಿ ಬಂದಳು. “ಗದಿಗೆಕ್ಕ, ಹುಡುಗಿ ಬಾಯಾಗ ಬರೇ ಗಾಳಿ ಬರಾಕತ್ತೈತಿ!”

ಮುಂದಿನ ವಾರ ಹೋಗೋಣವೆನ್ನಲು ದಾರಿಯಿರಲಿಲ್ಲ. ಬುಡನಸಾಬ ಇಸ್ತ್ರಿ ಅಂಗಿ ತೊಟ್ಟು, ಅಂಗಡಿಗೆ ಕೀಲಿ ಹಾಕಿ ಹೊರಗೆ ನಿಂತಿದ್ದ. ಇವತ್ತು ತಪ್ಪಿದರೆ ಮುದುಕ ಮತ್ತೆ ಹೊರಡುವವನಲ್ಲ. ಗುಲಾಬಬಿ ಹುಡುಗಿಗೆ ಬಿಸಿನೀರು ಕುಡಿಸಿ ಮೂವರನ್ನೂ ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ಗದಿಗೆವ್ವ ಹುಡುಗಿಗೆ ಗುಟುಕು ಗುಟುಕಾಗಿ ನೀರು ಕುಡಿಸುತ್ತಲೇ ಇದ್ದಳು. ಬುಡನಸಾಬನಿಗೆ ಅದೇ ಅನುಮಾನ ಹುಟ್ಟಿಸಿತು.

ಮಾಸ್ತರರು ಹಾರ್ಮೋನಿಯಂ ತೆರೆದು ಒಂದು ಸ್ವರದ ಮನೆ ಒತ್ತಿ, “ಸಾ ಅನ್ನವಾ ತಂಗಿ” ಎಂದರು. ಸಿಮ್ರಾನ ಹಿಂದಿನ ಸಂಜೆ ಕಲಿತ ಹಾಗೆ ಎದೆಯುಬ್ಬಿಸಿ, ಬಾಯಿ ದೊಡ್ಡದಾಗಿ ತೆರೆದಳು. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದಂಥ ಸದ್ದು ಬಂತು. ಇನ್ನೊಮ್ಮೆ ಅಂದಳು. ಅದೂ ಬರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರಾಡಿತು.

ಬುಡನಸಾಬ ಎದ್ದ. “ಸಾಕ್ರಿ ಮಾಸ್ತರ, ನಿಮಗ ಯಾಕ ತ್ರಾಸು? ನಡಿ ಬೇಟಿ.” ಬಾಗಿಲಿಗೆ ಹೋಗಿ ಒಂದು ಚಪ್ಪಲಿ ಮೆಟ್ಟಿದ್ದೂ ಆಯಿತು.

“ಕುಂದ್ರೋ ಬುಡನಣ್ಣ!”

ಗದಿಗೆವ್ವನ ಆ ಕೂಗಿಗೆ ಒಳಮನೆಯಲ್ಲಿ ಮಲಗಿದ್ದ ಕೂಸು ಎದ್ದು ಅಳತೊಡಗಿತು. “ಮಾಸ್ತರ, ಹುಡುಗಿ ದನಿ ಕೆಟ್ಟದ್ದಲ್ಲರಿ. ನಾ ಕೆಡಿಸೇನಿ. ನಾಚಿಕಿ ಹೋಗಲಿ ಅಂತ ನಿನ್ನೆ ಸಂಜಿಮುಂದ ಘೋಷಣಾ ಕೂಗಿಸಿದೆ.”

ಮಾಸ್ತರರು ಕನ್ನಡಕ ತೆಗೆದು ಅವಳನ್ನೇ ನೋಡಿದರು. “ಈಗ ಕೂಗಿದ್ರಲ್ಲ, ಹಂಗ?”

“ಇದಕಿಂತ ಸ್ವಲ್ಪ ಜೋರ್ರಿ.”

ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹುಡುಗಿಯ ಕಡೆ ತಿರುಗಿದರು. “ಬಾಯಿ ಮುಚ್ಚವಾ. ತುಟಿ ಕೂಡಸು. ಒಳಗಿಂದೊಳಗ ಗುಂಯ್ ಅನ್ನು. ಸಣ್ಣಗ, ನಿನಗಷ್ಟ ಕೇಳಿದ್ರ ಸಾಕು.”

ಸಿಮ್ರಾನ ತುಟಿ ಮುಚ್ಚಿದಳು. ಮೊದಲು ಏನೂ ಕೇಳಲಿಲ್ಲ. ಬಳಿಕ ಹಾರ್ಮೋನಿಯಂ ಸದ್ದಿನ ಕೆಳಗೆ ಇನ್ನೊಂದು ಸದ್ದು ಇದೆಯೆಂದು ಗೊತ್ತಾಯಿತು. ಮಾಸ್ತರರು ಬೇರೆ ಮನೆ ಒತ್ತಿದರು. ಗುಂಯ್ ಕೂಡ ಅಲ್ಲಿಗೆ ಹೋಯಿತು. ಕೆಳಗೆ ಇಳಿದರು, ಇಳಿಯಿತು. ಕಡೆಗೆ ಅವರು ಫಕ್ಕನೆ ಗಾಳಿ ಹಾಕುವ ತಿದಿಯಿಂದ ಕೈ ತೆಗೆದರು. ಪೆಟ್ಟಿಗೆ ನಿಂತರೂ ಹುಡುಗಿ ನಿಲ್ಲಲಿಲ್ಲ, ಅದೇ ಸ್ವರ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು.

“ಕಿವಿ ಛಲೋ ಐತಿ” ಎಂದರು ಮಾಸ್ತರರು. “ಗಂಟಲ ತಾನ ಸುಧಾರಸ್ತೈತಿ. ಇನ್ನು ಆಯಿತವಾರಕ್ಕೊಮ್ಮಿ ಕರಕೊಂಡ ಬರ್ರಿ. ಈ ವಾರ ಮಾತ್ರ ಆಕಿನ್ನ ಈ ಅಮ್ಮಾರ ಕೈಯಾಗ ಕೊಡಬ್ಯಾಡ್ರಿ.”

ಬುಡನಸಾಬ ಮೆಟ್ಟಿದ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಗದಿಗೆವ್ವ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. ಧರಣಿ ಗೆದ್ದು ಬಂದ ದಿನಗಳಲ್ಲೂ ಅವಳು ಅಷ್ಟು ದೊಡ್ಡ ಉಸಿರು ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಗುಲಾಬಬಿಗೆ ಫೋನ್ ಹಚ್ಚಿ ಸುದ್ದಿ ಹೇಳಿದವನು ಬುಡನಸಾಬನೇ. “ನಾ ಮೊದಲ ಹೇಳಿದ್ದೆ, ಹುಡುಗಿ ಕಿವಿ ನನ್ನಂಗ” ಎನ್ನುತ್ತಿದ್ದ. ಗದಿಗೆವ್ವ ಕಬ್ಬಿನ ಹಾಲು ಕುಡಿಯುತ್ತ ಅದನ್ನೂ ಸಹಿಸಿಕೊಂಡಳು.

ಸಿಕ್ಕಿದ್ದು ಹಾವೇರಿ ಬಸ್ಸು. ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಗೆ ಬೇರೆ ಬಸ್ಸು ಹಿಡಿಯಬೇಕು. ಸಿಮ್ರಾನ ಕಿಟಕಿಗೆ ತಲೆಯಾನಿಸಿ ಸಣ್ಣಗೆ ಗುಂಯ್ ಅನ್ನುತ್ತಿದ್ದಳು. ಮೋಟೆಬೆನ್ನೂರು ಬಂತು. ಹುಡುಗಿಯ ದನಿ ಮುರಿಯಬಾರದೆಂದು ಗದಿಗೆವ್ವ ಮೆಲ್ಲಗೆ, “ನಿಲ್ಲಸ್ರಿ” ಎಂದಳು. ಮುಂದಿನ ಬಾಗಿಲಲ್ಲಿದ್ದ ಕಂಡಕ್ಟರನಿಗೆ ಕೇಳಲಿಲ್ಲ. ಬಸ್ಸು ಊರು ದಾಟಿತು.

“ಅಲ್ಲಬೇ, ಬೇಕಾದಾಗ ಎಲ್ಲಿ ಹೋತು ನಿನ್ನ ದನಿ?” ಎಂದು ಬುಡನಸಾಬ ತಾನೇ ಕೂಗಿ ಬಸ್ಸು ನಿಲ್ಲಿಸಿದ.

ಮೂವರೂ ಇಳಿದು ಹೆದ್ದಾರಿಯ ಅಂಚಿನಲ್ಲಿ ಹಿಂದಕ್ಕೆ ನಡೆದರು. ಗದಿಗೆವ್ವ ಮೊಣಕಾಲಿಗೆ ಬೈಯುತ್ತಲೇ ಇದ್ದಳು, ಆದರೆ ಸಣ್ಣ ದನಿಯಲ್ಲಿ. ಸಿಮ್ರಾನ ಗುಂಯ್ ಅನ್ನುವುದನ್ನು ಇನ್ನೂ ನಿಲ್ಲಿಸಿರಲಿಲ್ಲ.