ಹೊಗೆಯ ಬೆವರು

ಪೈಪಿಗೆ ಬಳಿದ ಬೆಳ್ಳಿ ಬಣ್ಣದ ಪೇಂಟು ಮೊದಲ ಸಲ ಕಾಯುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಸುಟ್ಟ ಎಣ್ಣೆಯಂತೆ, ಸ್ವಲ್ಪ ಇಸ್ತ್ರಿ ಪೆಟ್ಟಿಗೆ ಹೆಚ್ಚು ಹೊತ್ತು ತಾಗಿದ ಬಟ್ಟೆಯಂತೆ... ಹೋದ ತಿಂಗಳು ಪರೇಲ್‌ನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಲ್ಲಿ ಕರೆಂಟು ತಯಾರಿಸುವ ಗ್ಯಾಸ್ ಎಂಜಿನ್ ಕೂರಿಸಿದ್ದಾರೆ. ಎಂಜಿನ್ ಬಿಡುವ ಬಿಸಿ ಹೊಗೆ ಸುಮ್ಮನೆ ಗಾಳಿಗೆ ಹೋಗದಂತೆ ಹಿಡಿದು, ಅದರಿಂದ ಬಟ್ಟೆ ಒಗೆಯುವ ನೀರು ಕಾಯಿಸಿ, ಉಳಿದ ಬಿಸಿಯಿಂದ ಇನ್ನಷ್ಟು ಕರೆಂಟು ತೆಗೆಯುವ ಕೆಲಸ ನನ್ನದು. ಬಹಳ ವರ್ಷಗಳಿಂದ ಅದೇ ನನ್ನ ಹೊಟ್ಟೆಪಾಡು.

"ಮೇಡಂ, ಸ್ಮೆಲ್ ಆ ರಹಾ ಹೈ. ಬಂದ್ ಕರೂಂ?" ಎಂದು ಫಿಟರ್ ಕೇಳಿದ.

"ಬೇಡ, ಚಾಲೂ ರೆಹನೇ ದೋ," ಎಂದೆ. ಅರ್ಧ ಕನ್ನಡದಲ್ಲಿ ಮಾತಾಡಿದ್ದು ಆಮೇಲೆ ಗೊತ್ತಾಯಿತು. ಬಾಯ್ಲರ್ ಕಾಕಾ ಪಕ್ಕದಲ್ಲೇ ನಿಂತಿದ್ದಾರೆ ಎಂದು ಆ ಕ್ಷಣ ಅನ್ನಿಸಿಬಿಟ್ಟಿತ್ತು.

ಅವರನ್ನು ಕಂಡಾಗ ನನಗೆ ಇಪ್ಪತ್ತೈದು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಔಷಧದ ಸೀಸೆ ತಯಾರಿಸುವ ಸಣ್ಣ ಗಾಜಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದೆ. ಗಾಜು ಕರಗಿಸುವ ಭಟ್ಟಿಗೆ ಬಿಡುವೆಂಬುದಿಲ್ಲ. ಒಮ್ಮೆ ಆರಿದರೆ ಒಳಗಿನ ಗಾಜು ಗಟ್ಟಿಯಾಗಿ ಭಟ್ಟಿಯೇ ಹಾಳಾಗುತ್ತದೆ. ಕಪ್ಪು ಎಣ್ಣೆ ಉರಿದು ಎದ್ದ ಹೊಗೆ ಭಾರೀ ಬಿಸಿಯಾಗಿಯೇ ಚಿಮಣಿಯಿಂದ ಹೊರಹೋಗುತ್ತಿತ್ತು. ಆ ಬಿಸಿಯಿಂದ ಉಗಿ ಮಾಡಿ, ಉಗಿಯಿಂದ ಪುಟ್ಟ ಟರ್ಬೈನ್ ತಿರುಗಿಸಿ, ಸೀಸೆಯ ಅಚ್ಚುಗಳನ್ನು ತಣಿಸುವ ಪಂಖಾಗಳಿಗೆ ಕರೆಂಟು ಕೊಡಬಹುದು ಎಂದು ನಾನು ಮಾಲೀಕರಾದ ಸೇಠರಿಗೆ ಹೇಳಿದೆ. "ಲಡಕೀ ಹೋಕೇ ಭಟ್ಟೀ ಕಾ ಕಾಮ್ ಕರೇಗೀ?" ಎಂದು ನಕ್ಕವರು ಆರು ತಿಂಗಳ ನಂತರ ಒಪ್ಪಿದರು. ಹೊಗೆ ಹಾಯುವ ದಾರಿಯಲ್ಲಿ ನೀರು ತುಂಬಿದ ಕೊಳವೆಗಳನ್ನು ಸಾಲುಸಾಲಾಗಿ ನಿಲ್ಲಿಸಿದೆವು. ಅದನ್ನು ನಡೆಸಲು ಲೈಸೆನ್ಸ್ ಇದ್ದ ಬಾಯ್ಲರ್ ಆಪರೇಟರ್ ಬೇಕಾದರು. ಹಾಗೆ ಬಂದವರು ಅವರು.

ವಿಜಯಪುರದ ಕಡೆಯವರು. ಒಣಗಿದ ಮೈ, ಬಿಳಿ ಮೀಸೆ, ಹೆಗಲ ಮೇಲೆ ಮಸಿ ಹಿಡಿದ ಟವೆಲ್ಲು. ಪರೇಲ್‌ನ ಒಂದು ಬಟ್ಟೆ ಗಿರಣಿಯಲ್ಲಿ ಹರೆಯವನ್ನೆಲ್ಲ ಬಾಯ್ಲರ್ ಮುಂದೆ ಕಳೆದಿದ್ದರು. ಗಿರಣಿ ಮುಚ್ಚಿದ ಮೇಲೆ ಯಾವುದೋ ಬಿಲ್ಡಿಂಗಿನಲ್ಲಿ ವಾಚ್‌ಮನ್ ಆಗಿ ಬಹಳ ವರ್ಷ ಲಿಫ್ಟಿನ ಬಾಗಿಲು ಎಳೆದಿದ್ದರು. ಬೆಂಕಿಯ ಹತ್ತಿರ ಮತ್ತೆ ನಿಲ್ಲುವ ಯೋಗ ಬಂದಾಗ ಅವರಿಗೆ ಅರವತ್ತು ಸಮೀಪಿಸಿತ್ತು. ಮೊದಲ ದಿನ, ಹೊಸ ಬೆಳ್ಳಿ ಪೇಂಟು ಕಾಯ್ದು ವಾಸನೆ ಬಿಡುತ್ತಿದ್ದ ನನ್ನ ಬಾಯ್ಲರಿನ ಸುತ್ತ ಒಂದು ಸುತ್ತು ಹಾಕಿ, ತಮ್ಮಷ್ಟಕ್ಕೇ ಗೊಣಗಿದರು:

"ಏನಪಾ ಇದು, ಸಣ್ಣ ಹುಡುಗರ ಆಟಗಿ ಸಾಮಾನು ಇದ್ದಂಗೈತಿ."

ನಾನು ನಕ್ಕುಬಿಟ್ಟೆ. "ಕಾಕಾ, ನನಗ ಕನ್ನಡ ತಿಳೀತದ."

ಅವರು ಗಾಬರಿಯಾಗಿ ತಲೆಯ ಟೋಪಿ ತೆಗೆದರು. "ತಪ್ಪಾತ್ರಿ ಮೇಡಂ... ಯಾ ಊರವರು?"

"ಅಪ್ಪಾ ಧಾರವಾಡದವರು. ನಾ ಇಲ್ಲೇ ಹುಟ್ಟೀನಿ."

"ಓದಾಕೂ ಬರ್ತೈತೇನ್ರಿ?"

"ಬರ್ತದ. ಅವ್ವ ಕಲಿಸ್ಯಾಳ."

ಆ ಮುಖ ಅರಳಿದ್ದನ್ನು ನಾನು ಮರೆತಿಲ್ಲ. ಅವರಿಗೆ ಇಂಗ್ಲಿಷ್ ಅಂಕಿ ಬರೆಯಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮರುದಿನದಿಂದ ಬಾಯ್ಲರಿನ ಲಾಗ್ ಬುಕ್ಕಿನಲ್ಲಿ ಪ್ರೆಶರ್, ನೀರಿನ ಮಟ್ಟ ಎಲ್ಲ ಅಂಕಿಯಲ್ಲಿ, ಷರಾ ಮಾತ್ರ ಗುಂಡಗಿನ ಕನ್ನಡದಲ್ಲಿ. 'ಟರ್ಬೈನ್ ಇವತ್ತ ಚಲೋ ಹಾಡಾಕತ್ತೈತಿ.' 'ನೀರ ಲಗೂನ ಕಾಯ್ತು. ಹೊರಗ ಸೆಕಿ ಭಾಳ.' 'ಮೇಡಂ ಊಟಾ ಮಾಡಿಲ್ಲ.' ಬೆಳಿಗ್ಗೆ ಕಾರ್ಖಾನೆಗೆ ಹೋದೊಡನೆ ನಾನು ಮೊದಲು ಆ ಪುಸ್ತಕ ತೆಗೆಯುತ್ತಿದ್ದೆ. ಇಡೀ ಎಸ್ಟೇಟಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ತಿಂಗಳೊಪ್ಪತ್ತಿನಲ್ಲಿ ಮೇಡಂ ಹೋಗಿ 'ತಂಗಿ' ಆದೆ.

ಅವರು ಮೀಟರು ನೋಡುವ ಮೊದಲು ತಗಡಿನ ಮೇಲೆ ಅಂಗೈ ಇಡುತ್ತಿದ್ದರು. ನನಗೂ ಕಲಿಸಿದರು. ಎಲ್ಲಿ ಕೈ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಹಾರುತ್ತದೆ... ನನ್ನ ಕಾಲೇಜಿನಲ್ಲಿ ಯಾರೂ ಬಿಸಿಯನ್ನು ಮುಟ್ಟಿ ತೋರಿಸಿರಲಿಲ್ಲ. ಮಧ್ಯಾಹ್ನ ಡಬ್ಬಿಯಲ್ಲಿನ ಸೆಟೆದ ರೊಟ್ಟಿಯನ್ನು ಆ ತಗಡಿನ ಮೇಲೆಯೇ ಬೆಚ್ಚಗೆ ಮಾಡಿ ಅರ್ಧ ಮುರಿದು ಕೊಡುತ್ತಿದ್ದರು. "ತಿನ್ನು. ಇದಕ್ಕೂ ಚಿಮಣಿಗೆ ಹೋಗೂ ಬಿಸೀನ," ಎನ್ನುತ್ತಿದ್ದರು. ಗಿರಣಿಯ ದಿನಗಳಲ್ಲಿ ಎಷ್ಟು ಬಿಸಿಯನ್ನು ಹಾಗೇ ಮೇಲಕ್ಕೆ ಬಿಟ್ಟೆವಲ್ಲ ಎಂಬ ಕೊರಗು ಅವರಿಗೆ ನಿಜವಾಗಿಯೂ ಇತ್ತು.

ಆದರೆ ಒಂದು ವಿಷಯದಲ್ಲಿ ನಮ್ಮಿಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಹೊಗೆಯಿಂದ ಇನ್ನಷ್ಟು ಬಿಸಿ ಹೀರಲೆಂದು ನಾನು ಕೊನೆಯಲ್ಲಿ ಒಂದು ಸಾಲು ಕೊಳವೆ ಹೆಚ್ಚಿಗೆ ಹಾಕಿಸಿದ್ದೆ. ಅದು ಅವರಿಗೆ ಮೊದಲಿನಿಂದಲೂ ಸರಿಬರಲಿಲ್ಲ.

"ಇದ್ದಬದ್ದ ಬಿಸಿ ಎಲ್ಲಾ ಕಸಗೊಳ್ಳಬ್ಯಾಡ ತಂಗಿ. ಮ್ಯಾಲ ಏರಾಕ ಹೊಗಿಗೂ ಒಂದಿಷ್ಟ ಬೇಕು. ತೀರ ತಣ್ಣಗಾದರ ಹೊಗಿ ಬೆವರ್ತೈತಿ. ಆ ಬೆವರು ಕಬ್ಬಣಾ ತಿಂತೈತಿ."

ಕಪ್ಪೆಣ್ಣೆಯಲ್ಲಿ ಗಂಧಕವಿರುತ್ತದೆ, ಹೊಗೆ ತಣ್ಣಗಾದರೆ ಅದು ತೇವದೊಂದಿಗೆ ಸೇರಿ ಆಸಿಡ್ ಆಗಿ ಕೊಳವೆಗೆ ಅಂಟುತ್ತದೆ. ಇದು ನನಗೂ ಗೊತ್ತಿದ್ದ ಪಾಠ. ಎಷ್ಟು ತಣ್ಣಗಾದರೆ ಎಂಬ ಲೆಕ್ಕದಲ್ಲಿ ಮಾತ್ರ ನಾನು ತೀರಾ ಅಂಚಿಗೆ ಹೋಗಿದ್ದೆ. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು.

ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು ಒಂದು ಚಿಂದಿ ಬಟ್ಟೆ ತೋರಿಸಿದರು. ಕೊನೆಯ ಸಾಲನ್ನು ಒರೆಸಿದ ಬಟ್ಟೆ. ಕಂದು ಬಣ್ಣದ ತೇವ ತಾಗಿದ ಕಡೆಯಲ್ಲೆಲ್ಲ ಹಂಚಿಕಡ್ಡಿ ಚುಚ್ಚಿದಂತೆ ತೂತು. "ಆ ಸಾಲ ಬಂದ್ ಮಾಡೋಣು. ವಾಲ್ ತಿರುವಿದರ ಆತು," ಎಂದರು. ಮುಂದಿನ ವಾರ ಸೇಠರು ಎಸ್ಟೇಟಿನ ಬೇರೆ ಮಾಲೀಕರನ್ನು ಈ ಯಂತ್ರ ನೋಡಲು ಕರೆದಿದ್ದರು. ಆ ಸಾಲು ಮುಚ್ಚಿದರೆ ಟರ್ಬೈನಿನ ಕರೆಂಟು ಇಳಿಯುತ್ತದೆ. ಹುಡುಗಿ ಮಾಡಿದ್ದು ಇಷ್ಟೇ ಎನ್ನುತ್ತಾರೆ.

"ಅವರು ಬಂದು ಹೋಗಲಿ ಕಾಕಾ. ಆಮ್ಯಾಲ ನೋಡೋಣ," ಎಂದೆ.

ಮರುದಿನ ಪುಸ್ತಕದಲ್ಲಿ ಬರೆದಿದ್ದರು: 'ಕಡೀ ಸಾಲ ಬೆವರಾಕತ್ತೈತಿ. ಬಂದ್ ಮಾಡ್ರಿ ಅಂತ ಹೇಳೀನಿ. ಈಗ ಬ್ಯಾಡ ಅಂದಾರ.' ಓದಿ ಪುಟ ಮಗುಚಿದೆ.

ಮಾಲೀಕರು ಬಂದರು, ನೋಡಿದರು, ಹೊಗಳಿದರು. 'ಆಮ್ಯಾಲ' ಎಂದದ್ದು ಮಾತ್ರ ನಾಳೆ ನಾಡಿದ್ದು ಎಂದು ಮುಂದೆ ಹೋಯಿತು. ಎರಡನೇ ವಾರ, ಊಟದ ಬೆಲ್ ಹೊಡೆದ ಹೊತ್ತಿಗೆ ಕೊನೆಯ ಸಾಲಿನ ಒಂದು ಕೊಳವೆ ಒಡೆಯಿತು. ನಾನು ಓಡಿ ಬರುವಷ್ಟರಲ್ಲಿ ಶೆಡ್ಡಿನ ತುಂಬ ಬಿಳಿ ಉಗಿ. ಒಳಗೆ ಕಾಕಾ ಎರಡೂ ಕೈಯಿಂದ ಕಬ್ಬಿಣದ ಚಕ್ರ ತಿರುವುತ್ತಿದ್ದರು. ಹೊಗೆಯನ್ನು ಬಾಯ್ಲರ್ ತಪ್ಪಿಸಿ ನೇರ ಚಿಮಣಿಗೆ ಹೋಗುವ ಹಳೆಯ ದಾರಿಗೆ ತಿರುಗಿಸದಿದ್ದರೆ, ಹೊಗೆ ಹಾಯುವ ಕಡೆ ನೀರು ನುಗ್ಗಿ ಭಟ್ಟಿ ಉಸಿರುಗಟ್ಟುತ್ತಿತ್ತು. ಚಕ್ರ ಪೂರ್ತಿ ತಿರುಗಿದ ಮೇಲೆಯೇ ಅವರು ಹೊರಗೆ ಬಂದದ್ದು. ಬಲಗೈ ಮೊಣಕೈವರೆಗೆ ಬೆಂದಿತ್ತು. ಭಟ್ಟಿ ಉಳಿಯಿತು.

ಮೂರು ದಿನದ ಮೇಲೆ ಸೇಠರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ಕಾಕಾ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದರು. ಮೇಜಿನ ಮೇಲೆ ಲಾಗ್ ಬುಕ್ಕು. ಸೇಠರು ಆ ಪುಟದ ಮೇಲೆ ಬೆರಳಿಟ್ಟು, ಏನು ಬರೆದಿದೆ ಓದಿ ಹೇಳು ಎಂದರು.

"ಯೇ ಕ್ಯಾ ಲಿಖಾ ಹೈ? ಪಢಕೇ ಸುನಾವ್."

ಆ ಮೂರು ಸಾಲು ನನ್ನ ಕಣ್ಣ ಮುಂದಿತ್ತು. ಹುಡುಗಿಯಾಗಿ ಭಟ್ಟಿಯ ಕೆಲಸ ಮಾಡುತ್ತೀಯಾ ಎಂದು ನಕ್ಕವರ ಮುಂದೆಯೇ ನಾನು ನಿಂತಿದ್ದೆ. ನನ್ನ ಬಾಯಿ ಹೇಳಿತು: "ಪ್ರೆಶರ್ ನಾರ್ಮಲ್, ಪಾನೀ ನಾರ್ಮಲ್. ಬಸ್, ಇತನಾ ಹೀ."

ಕಾಕಾ ನನ್ನ ಕಡೆ ನೋಡಿದರು. ಹಿಂದಿ ಅವರಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

"ನಾರ್ಮಲ್ ಥಾ ತೋ ಫಟಾ ಕೈಸೇ?" ಎಲ್ಲ ಸರಿಯಿದ್ದರೆ ಒಡೆದದ್ದು ಹೇಗೆ ಎಂದರು ಸೇಠರು. ಮುದುಕರಿಗೆ ಕಣ್ಣು ಕಾಣುವುದಿಲ್ಲ, ನೀರು ಸರಿಯಾಗಿ ನೋಡಿಲ್ಲ ಎಂದು ತಾವೇ ತೀರ್ಮಾನಿಸಿದರು. ನಾಳೆಯಿಂದ ಬರುವುದು ಬೇಡ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ...

ಗೇಟಿನ ಹತ್ತಿರ ಓಡಿಹೋಗಿ ಅವರನ್ನು ಹಿಡಿದೆ. ಏನು ಹೇಳಲೆಂದು ಹೋದೆನೋ ನನಗೇ ಗೊತ್ತಿಲ್ಲ. ಅವರು ಎಡಗೈಯಿಂದ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು. ತಲೆ ಎತ್ತದೆ ಹೇಳಿದರು:

"ನಿನಗ ಓದಾಕ ಬರ್ತೈತಿ ಅಂತ ಬರದಿದ್ನಿ ತಂಗಿ."

ಆಮೇಲೆ ಬೇರೆಯದೇ ದನಿಯಲ್ಲಿ, ಎಂದಿನ ಕೆಲಸದ ದನಿಯಲ್ಲಿ ಅಂದರು: "ಮೊದಲ ಆ ಸಾಲ ಕಡಿಸು. ಅದನ್ನ ಹಂಗ ಬಿಡಬ್ಯಾಡ. ನಾಳೆ ಬರಾವ ಹೊಸಬ ಇರ್ತಾನ."

ಕಡಿಸಿದೆ. ಆ ವಾರವೇ. ಕರೆಂಟು ಸ್ವಲ್ಪ ಇಳಿಯಿತು, ಕೊಳವೆಗಳು ಉಳಿದವು. ಆಮೇಲೆ ನಾನು ಮಾಡಿದ ಯಾವ ಯಂತ್ರದಲ್ಲೂ ಹೊಗೆಯನ್ನು ತೀರ ತಣ್ಣಗೆ ಮಾಡಿಲ್ಲ. ನನ್ನ ಕೈಕೆಳಗಿನವರು ಇದು ಮೇಡಂ ಅವರ ಅನುಭವ ಎನ್ನುತ್ತಾರೆ. ನಾನು ಅದನ್ನೂ ತಿದ್ದಿಲ್ಲ.

ಅವರ ಮನೆ ದಹಿಸರ್‌ನಲ್ಲಿತ್ತು ಎಂದು ಗೊತ್ತಿತ್ತು. ನಾನಿರುವುದು ಕಾಂದಿವಲಿ, ಲೋಕಲ್‌ನಲ್ಲಿ ನಡುವೆ ಒಂದೇ ಸ್ಟೇಷನ್. ಒಮ್ಮೆ ದಹಿಸರ್ ಪ್ಲಾಟ್‌ಫಾರ್ಮಿನವರೆಗೆ ಹೋಗಿದ್ದೆ. ಸೇತುವೆ ಹತ್ತಿ, ಎದುರಿನ ಪ್ಲಾಟ್‌ಫಾರ್ಮಿಗೆ ಇಳಿದು, ವಾಪಸ್ ರೈಲು ಹಿಡಿದೆ. ಅದರ ನಂತರ ಮದುವೆ, ಮಗು, ಕೆಲಸ... ಕಾರಣಗಳಿಗೆ ಬರವಿರಲಿಲ್ಲ.

ಈ ಸಲ ಆಸ್ಪತ್ರೆಯಿಂದ ಬಂದವಳೇ ಹಳೆಯ ಕಾರ್ಖಾನೆಯ ವಾಚ್‌ಮನ್‌ಗೆ ಫೋನ್ ಮಾಡಿ ನಂಬರ್ ಪಡೆದೆ. ಫೋನ್ ಎತ್ತಿದ್ದು ಕಾಕಾ ಅವರ ಮಗಳು. ಅಪ್ಪ ಹೋಗಿ ಮೂರು ವರ್ಷವಾಯಿತು ಎಂದರು. ಆದರೂ ಭಾನುವಾರ ಹೋದೆ. ಸಾಲುಮನೆಗಳ ಚಾಳ್ ಇದ್ದ ಜಾಗದಲ್ಲಿ ಬಿಲ್ಡಿಂಗ್ ಎದ್ದಿದೆ. ಐದನೇ ಮಹಡಿಯಲ್ಲಿ ಚಿಕ್ಕ ಮನೆ. ಮಗಳು ನನಗಿಂತ ಚಿಕ್ಕವರು, ಒಂದು ಆಫೀಸಿನಲ್ಲಿ ಕೆಲಸ. ಕನ್ನಡ ಹುಡುಕಿ ಹುಡುಕಿ ಆಡುತ್ತಿದ್ದರು.

"ಅಪ್ಪಾ ಹೇಳ್ತಿದ್ರು, ಮಶೀನ್ ಬಂದ್ ಹೋ ಗಯೀ, ಅದಕ್ಕ ನೌಕರಿ ಹೋತು ಅಂತ."

ಅಂದರೆ ಮನೆಯಲ್ಲಿಯೂ ಹೇಳಿರಲಿಲ್ಲ. ನಾನು ಬಂದ ಹಾಗೇ ಎದ್ದು ಹೋಗಬಹುದಾಗಿತ್ತು. ಅವರೇ ನನಗೆ ಆ ದಾರಿ ತೆರೆದಿಟ್ಟು ಹೋಗಿದ್ದರು. ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಪುಸ್ತಕ, ಆ ಮೂರು ಸಾಲು, ನಾನು ಓದಿದ ಸುಳ್ಳು. ಯಾವುದನ್ನೂ ಮೃದು ಮಾಡಲಿಲ್ಲ. ಕಪ್ಪಿನಲ್ಲಿ ಚಹಾ ಕೆನೆಗಟ್ಟಿತು.

ಮಗಳು ನನ್ನ ಕೈಯಿಂದ ಕಪ್ಪು ತೆಗೆದು ಕೆಳಗಿಟ್ಟರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ದಿದ್ದರೆ ಒಳ್ಳೆಯದಿತ್ತು.

"ಆ ಮಶೀನ್ ಈಗ ಐತೇನ್ರಿ?" ಎಂದು ಕೇಳಿದರು.

"ಐತಿ. ಇವತ್ತಿಗೂ ನಡದೈತಿ. ಅವರು ಹೇಳಿದಂಗ ಮಾಡಿದ್ದಕ್ಕ."

ನನಗೇ ತಿಳಿಯದೆ ಕಾಕಾ ಅವರ ಮಾತಿನ ಧಾಟಿ ನನ್ನ ಬಾಯಿಗೆ ಬಂದಿತ್ತು. ಮಗಳು ನಿಧಾನವಾಗಿ ತಲೆಯಾಡಿಸಿದರು. ಕಣ್ಣು ತುಂಬಿದ್ದವು.

"ಗಿರಣಿ ಬಂದ್ ಆತು, ಮಶೀನ್ ಬಂದ್ ಆತು... ನಾ ಹೋದಲ್ಲಿ ಎಲ್ಲಾ ಬಂದ್ ಅಂತ ನಗ್ತಿದ್ರು ಅಪ್ಪಾ. ಆಪ್ ಕೋ... ನೀವು ಇದನ್ನ ಅವರಿಗೆ ಬಂದು ಹೇಳಬೇಕಿತ್ತು."

ಹೌದು, ಎಂದೆ. ಕೆಲಸ ಹೋದ ಮೇಲೆ ಹನ್ನೊಂದು ವರ್ಷ ಅವರು ನನ್ನಿಂದ ಎರಡು ಸ್ಟೇಷನ್ ದೂರದಲ್ಲಿ ಬದುಕಿದ್ದರು.