ಸಡಿಲ ಬಿಟ್ಟ ಮ್ಯಾಟು

ಕಳೆದ ಶನಿವಾರ ಬೆಳಿಗ್ಗೆ ನಮ್ಮೂರು ಕಿಕ್ಕೇರಿಯ ಮೈದಾನದ ತಗಡಿನ ಶೆಡ್ಡಿನಿಂದ ಹಳೆಯ ನಾರಿನ ಮ್ಯಾಟನ್ನು ಹೊರಗೆಳೆದು ಹಾಕಿದರು. ಹಿಂದಿನ ದಿನ ಹೊಸದಾಗಿ ಹಾಕಿದ್ದ ಸಿಮೆಂಟ್ ಪಿಚ್ಚು ಬಿರುಕು ಬಿಡದಿರಲೆಂದು ಅದರ ಮೇಲೆ ಈ ಮ್ಯಾಟನ್ನು ಹೊದಿಸಿ ನೀರು ಬಿಟ್ಟರು. ನೆಂದ ತೆಂಗಿನ ನಾರಿನ ವಾಸನೆ ರಸ್ತೆಯವರೆಗೂ ಬಂತು. ಹತ್ತಿರ ಹೋಗಿ ನೋಡಿದೆ. ಒಂದು ಅಂಚಿನಲ್ಲಿ ದಬ್ಬಣದಿಂದ ಹಾಕಿದ್ದ ಹೊಲಿಗೆ ಹಾಗೇ ಇತ್ತು. ಅದು ಯಾರ ಕೈಯ ಹೊಲಿಗೆ ಎಂದು ಅಲ್ಲಿದ್ದ ಆಟಗಾರರಿಗೆ ಗೊತ್ತಿರಲಿಲ್ಲ.

ಆ ಹೊಲಿಗೆ ಹಾಕಿದವರನ್ನು ಊರೆಲ್ಲ ಮಾವ ಎನ್ನುತ್ತಿತ್ತು. ನಿಜಕ್ಕೂ ಅವರು ಮಾವನಾಗಿದ್ದುದು ಒಬ್ಬನಿಗೆ ಮಾತ್ರ. ನಮ್ಮೂರ ಕ್ರಿಕೆಟ್ ಟೀಮಿನ ಆಗಿನ ಓಪನರ್ ಅವರ ಅಕ್ಕನ ಮಗ. ಮಾವ ವಾರವಿಡೀ ಹಗ್ಗ ಹೊಸೆದು ಸಂತೆಗೆ ಹಾಕುತ್ತಿದ್ದರು. ಭಾನುವಾರ ಮಾತ್ರ ಬೆಳಿಗ್ಗೆಯೇ ಮೈದಾನದಲ್ಲಿರುತ್ತಿದ್ದರು. ಮಣ್ಣಿನ ಪಿಚ್ಚಿಗೆ ನೀರು ಚಿಮುಕಿಸುವುದು, ರೋಲರ್ ಎಳೆಸುವುದು, ಮ್ಯಾಟು ಹಾಸಿ ಸುತ್ತಲೂ ಮೊಳೆ ಹೊಡೆಯುವುದು, ಹರಿದರೆ ಹೊಲಿಯುವುದು... ಯಾರೂ ವಹಿಸಿದ ಕೆಲಸವಲ್ಲ. ಅವರು ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಟೀಮು ಎಲ್ಲಿ ಆಡಿದರೂ ಟೆಂಪೋದ ಮೂಲೆಯಲ್ಲಿ ಕೂತು ಹೋಗುತ್ತಿದ್ದರು.

ನಾನಾಗ ಮೈಸೂರಿನ ಒಂದು ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಬಸ್ಸು ಅಪಘಾತ, ನಾಲೆಗೆ ನೀರು, ಸಂಘದ ಚುನಾವಣೆ. ಭಾನುವಾರದ ಪಂದ್ಯಗಳ ಫಲಿತಾಂಶವೂ ಅದರ ಜೊತೆಗೆ.

ಒಂದು ವರ್ಷ ಸಂಕ್ರಾಂತಿ ಕಳೆದ ಮೇಲೆ ಪಂದ್ಯಗಳು ಶುರುವಾದವು. ಮೊದಲನೆಯದು ನಾಗಮಂಗಲದಲ್ಲಿ. ನಮ್ಮವರು ಐವತ್ತು ದಾಟಲಿಲ್ಲ. ಎರಡನೆಯದು ಪಾಂಡವಪುರದಲ್ಲಿ. ಅಲ್ಲೂ ದಾಟಲಿಲ್ಲ. ಮೂರನೆಯದು ಶ್ರೀರಂಗಪಟ್ಟಣದಲ್ಲಿ. ಓಪನರ್ ಮೂರರಲ್ಲೂ ಸೊನ್ನೆಗೆ ಔಟಾದ. ಬೌಲರ್‌ಗಳು ಚೆನ್ನಾಗಿಯೇ ಎಸೆಯುತ್ತಿದ್ದರು. ರನ್ನೇ ಇಲ್ಲದ ಮೇಲೆ ಅವರಾದರೂ ಏನನ್ನು ಕಾಯಬೇಕು? ಮೊದಲ ಪಂದ್ಯಕ್ಕೆ ಎರಡು ಟೆಂಪೋ ತುಂಬ ಹೋಗಿದ್ದ ಜನ ಮೂರನೆಯದರ ಹೊತ್ತಿಗೆ ಒಂದರಲ್ಲೇ ಹಿಡಿಸಿದರು.

ಸಂಜೆ ವಾಪಸು ಬಂದ ಮೇಲೆ ಮಾತೆಲ್ಲ ಟೀ ಅಂಗಡಿಯಲ್ಲಿ ನಡೆಯಿತು.

"ನಮ್ಮನೇಲಿ ಮುದ್ದೆಗೆ ಎಸರು ಕುದಿಯೋ ಒತ್ಗೆ ಇವ್ರು ಅತ್ತೂ ಜನ ಪ್ಯಾಡ್ ಬಿಚ್ತಾ ಕುಂತಿರ್ತಾರೆ ಕಣ್ಲಾ" ಎಂದ ಒಬ್ಬ.

"ಬ್ಯಾಟು ಕಿತ್ಕೊಂಡು ನೊಣ ಒಡ್ಯೋ ಕಡ್ಡಿ ಕೊಡ್ಲಾ ಅತ್ಲಾಗೆ."

"ನೊಣ ಆದ್ರೂ ಒಂದ್ಕಡೆ ಕುಂತ್ಕತದೆ. ಬಾಲು ಓಡಾಡ್ತದಲ್ಲಪ್ಪ, ಎಂಗ್ ಒಡ್ದಾನು!"

ಎಲ್ಲರೂ ನಕ್ಕರು. ಓಪನರ್ ಬೆಂಚಿನ ತುದಿಯಲ್ಲಿ ಕೂತಿದ್ದ. ಲೋಟ ಕೆಳಗಿಟ್ಟು ಎದ್ದು ಹೋದ. ಮುಂದಿನ ಭಾನುವಾರ ಕೆ.ಆರ್. ಪೇಟೆಯಲ್ಲಿ ಪಂದ್ಯ. ಅದರಲ್ಲಿ ಅವನನ್ನು ಕೈಬಿಡಬೇಕೆಂದು ಎಲ್ಲರೂ ಹೇಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದರು. ಒಳಗೆ ಕರೆದರೆ ಬರಲಿಲ್ಲ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಅಂಗೈಗೆ ಹತ್ತಿದ್ದ ನಾರಿನ ಎಳೆಗಳನ್ನು ಬಿಡಿಸುತ್ತಿದ್ದರು.

"ತಪ್ಪು ಉಡುಗ್ರುದಲ್ಲ ಕಣಪ್ಪ, ನಂದು" ಎಂದರು.

ಹಿಂದಿನ ವರ್ಷ ಅವರೇ ಹಾಸಿದ ಮ್ಯಾಟಿನಿಂದ ಎದ್ದು ಬಂದ ಬಾಲೊಂದು ಅಳಿಯನ ದವಡೆಗೆ ಬಡಿದು ಎರಡು ಹಲ್ಲು ಹೋಗಿದ್ದವು. ಅಕ್ಕ ಆರು ತಿಂಗಳು ಅವರ ಮುಖ ನೋಡಿರಲಿಲ್ಲ. ಮ್ಯಾಟು ಬಿಗಿಯಾಗಿದ್ದಷ್ಟೂ ಬಾಲು ಪುಟಿದು ಮೇಲೇಳುತ್ತದೆ. ಅದಕ್ಕೇ ಈ ಸಲ ಪ್ರಾಕ್ಟೀಸಿಗೆ ಮ್ಯಾಟನ್ನು ಬಿಗಿದು ಎಳೆಯದೆ ಮೊಳೆ ಹೊಡೆದಿದ್ದರು. ಅಡಿಯ ಮಣ್ಣಿಗೂ ಒಂದೆರಡು ಕೊಡ ನೀರು ಹೆಚ್ಚಾಗಿಯೇ ಬಿಟ್ಟಿದ್ದರು.

"ಬಾಲು ಮೊಣಕಾಲಿಂದ ಮ್ಯಾಕ್ಕೆ ಏಳ್ಬಾರ್ದು ಅಂತ ಅಂಗ್ ಮಾಡ್ದೆ. ಎರಡು ತಿಂಗ್ಳು ಇವ್ರೆಲ್ಲ ಬಗ್ಗಿ ಆಡೋದ ಕಲ್ತ್‌ಬುಟ್ರು. ನೆನ್ನೆ ಶ್ರೀರಂಗಪಟ್ನದಲ್ಲಿ ಅವ್ರ ಮ್ಯಾಟು ಮೆಟ್ಟಿ ನೋಡ್ದೆ... ತಮಟೆ ಇದ್ದಂಗದೆ ಕಣಪ್ಪ. ಬಾಲು ಎದೆಗೆ ಬತ್ತದೆ. ಇವ್ರು ಇನ್ನೂ ಬಗ್ಗೇ ಅವ್ರೆ."

ಟೀಮಿನವರಿಗೆ ಹೇಳಿದಿರಾ ಎಂದು ಕೇಳಿದೆ.

"ಯೋಳ್ದೆ. ಅಳಿಯನ್ನ ಉಳಿಸ್ಕೊಳ್ಳಾಕೆ ಕತೆ ಕಟ್ತಾವ್ನೆ ಅಂತ ನಗಾಡ್ತಾರೆ. ನೀನು ಪೇಪರ್ನಾಗೆ ಬರಿ. ಅಚ್ಚಾದ್ರೆ ನಂಬ್ತಾರೆ."

ನಾನು ಸ್ಕೋರ್ ಪುಸ್ತಕ ತರಿಸಿ ನೋಡಿದೆ. ಮೂರು ಪಂದ್ಯಗಳಲ್ಲೂ ಹೆಚ್ಚಿನವರು ವಿಕೆಟ್ ಕೀಪರ್‌ಗೋ ಪಕ್ಕದ ಸ್ಲಿಪ್ಪಿನವನಿಗೋ ಕ್ಯಾಚು ಕೊಟ್ಟಿದ್ದರು. ಎದ್ದು ಬಂದ ಬಾಲು ಬಗ್ಗಿ ಆಡುವವರ ಬ್ಯಾಟಿನ ಅಂಚಿಗೆ ತಗುಲಿದರೆ ಹೋಗುವುದು ಅಲ್ಲಿಗೇ. ಮೈದಾನಕ್ಕೆ ಹೋಗಿ ಮ್ಯಾಟನ್ನೂ ಮೆಟ್ಟಿದೆ. ಕಾಲು ಒಳಗಿಳಿಯಿತು. ವರದಿಯ ಕೊನೆಗೆ ಎರಡು ವಾಕ್ಯ ಸೇರಿಸಿದೆ. ಪ್ರಾಕ್ಟೀಸ್ ಮ್ಯಾಟು ಸಡಿಲವಾಗಿದ್ದದ್ದು ಬ್ಯಾಟಿಂಗ್ ವೈಫಲ್ಯಕ್ಕೆ ಕಾರಣವೆಂದು ಅದನ್ನು ಹಾಸುವವರೇ ಹೇಳಿದ್ದಾರೆ ಎಂದು ಒಂದು. ಔಟಾದ ರೀತಿಯೂ ಆ ಮಾತಿಗೆ ಹೊಂದುತ್ತದೆ ಎಂದು ಇನ್ನೊಂದು.

ಪತ್ರಿಕೆಯಲ್ಲಿ ಬಂದದ್ದು ಮೂರು ಸಾಲು. ಸ್ಕೋರು, ವಿಕೆಟ್ ಪಡೆದವರ ಹೆಸರು, ಓಪನರ್ ಸತತ ಮೂರನೇ ಸಲ ಸೊನ್ನೆ ಎಂಬುದು. ಕೊನೆಯ ಎರಡು ವಾಕ್ಯ ಇರಲಿಲ್ಲ. ಜಾಗ ಸಾಲದಿದ್ದಾಗ ಡೆಸ್ಕಿನಲ್ಲಿ ಕೆಳಗಿನಿಂದ ಕತ್ತರಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಆ ವಾಕ್ಯಗಳನ್ನು ಮೊದಲಿಗೆ ಹಾಕಬಹುದಾಗಿತ್ತು. ಹಾಕಿರಲಿಲ್ಲ. ಫೋನು ಮಾಡಿ ಕೇಳಲೂ ಇಲ್ಲ.

ಮಾವ ಅದನ್ನು ಟೀ ಅಂಗಡಿಯಲ್ಲಿ ಬೇರೆಯವರಿಂದ ಓದಿಸಿ ಕೇಳಿದರು. ಮುಂದಕ್ಕೆ ಓದು ಎಂದರಂತೆ. ಇಷ್ಟೇ ಇರೋದು ಮಾವ ಎಂದನಂತೆ ಓದಿದವನು. ಸಂಜೆ ದಾರಿಯಲ್ಲಿ ಸಿಕ್ಕಾಗ ನಾನು ಏನೋ ಹೇಳಲು ಹೋದೆ.

"ಜಾಗ ಇರ್ನಿಲ್ಲ ಅಂತ ಕಾಣ್ತದೆ, ಬುಡು" ಎಂದರು.

ಭಾನುವಾರ ಓಪನರ್‌ನನ್ನು ಕೈಬಿಟ್ಟರು. ಅವನು ಮತ್ತೆ ಮೈದಾನಕ್ಕೆ ಬರಲಿಲ್ಲ. ಅದೇ ವಾರ ಮಾವ ಮೊಳೆಗಳನ್ನೆಲ್ಲ ಕಿತ್ತು, ಮ್ಯಾಟು ಎಳೆದು ಬಿಗಿದು, ಹೊಸದಾಗಿ ಹೊಡೆದರು. ಕೆ.ಆರ್. ಪೇಟೆಯಲ್ಲೂ ಸೋತೆವು. ಆಮೇಲೆ, ಐದಾರು ವಾರ ಬಿಗಿ ಮ್ಯಾಟಿನ ಮೇಲೆ ಆಡಿದ ನಂತರ, ನಮ್ಮವರು ನೆಟ್ಟಗೆ ನಿಂತು ಹೊಡೆಯತೊಡಗಿದರು. ನಮ್ಮೂರಲ್ಲೇ ನಡೆದ ಒಂದು ಪಂದ್ಯದಲ್ಲಿ ಸ್ಕೋರು ನೂರು ದಾಟಿತು. ಜನ ಶಿಳ್ಳೆ ಹಾಕಿದರು.

"ಅವ್ನು ಓದ, ರನ್ನು ಬಂತು ನೋಡ್ಲಾ" ಎಂದು ಯಾರೋ ಗಟ್ಟಿಯಾಗಿಯೇ ಹೇಳಿದರು. ಮಾವ ಹತ್ತಿರದಲ್ಲೇ ಕುಕ್ಕರಗಾಲಿನಲ್ಲಿ ಕೂತು ಸಡಿಲವಾಗಿದ್ದ ಒಂದು ಮೊಳೆಗೆ ಹೊಡೆಯುತ್ತಿದ್ದರು. ಸುತ್ತಿಗೆ ಒಂದು ಕ್ಷಣ ನಿಂತಿತು... ಆಮೇಲೆ ಮತ್ತೆ ಹೊಡೆದರು.

ಅಳಿಯ ಬಾಬುರಾಯನಕೊಪ್ಪಲಿಗೆ ಹೋಗಿ ಹಾಲಿನ ವ್ಯಾನು ಓಡಿಸುವ ಕೆಲಸಕ್ಕೆ ಸೇರಿದ. ಮಾವ ಇನ್ನೂ ಕೆಲವು ವರ್ಷ ಮ್ಯಾಟು ಹಾಸಿದರು. ಈಗವರು ಇಲ್ಲ. ಮಣ್ಣಿಗೆ ನಾನು ಹೋಗಿದ್ದೆ. ಟೀಮಿನಿಂದ ಇಬ್ಬರು ಬಂದಿದ್ದರು.

ಶನಿವಾರ ಆ ಹೊಲಿಗೆ ನೋಡಿ ಬಂದ ಮೇಲೆ ಅಳಿಯನಿಗೆ ಫೋನು ಮಾಡಿದೆ. ಸಡಿಲ ಬಿಟ್ಟ ಮ್ಯಾಟಿನ ಸಂಗತಿ, ಅಚ್ಚಾಗದ ಆ ಎರಡು ವಾಕ್ಯ, ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿಯಾನು ಅಂದುಕೊಂಡಿದ್ದೆ.

"ಮಾವ ನಂಗೂ ಯೋಳಿದ್ದ ಕಣಣ್ಣ" ಎಂದ. "ನನ್ನ ಸಮಾಧಾನಕ್ಕೆ ಅಂತಾವ್ನೆ ಅಂದ್ಕಂಡು ನಾನೂ ನಂಬ್ನಿಲ್ಲ."

ಮಾರನೆಯ ದಿನ ನಾಗಮಂಗಲದಲ್ಲಿ ಈ ಸಲದ ಮೊದಲ ಪಂದ್ಯ ನಡೆಯಿತು. ನಮ್ಮ ಟೀಮು ನಲವತ್ತೊಂದು ರನ್ನಿಗೆ ಆಲೌಟ್ ಆಯಿತು. ಓಪನರ್ ಸೊನ್ನೆ. ಈ ಸಲ ತಪ್ಪು ತನ್ನದೆಂದು ಹೇಳಲು ಯಾರೂ ಬರಲಿಲ್ಲ.