ದೇಯಿಯ ಹೆಸರಲ್ಲಿ ಬಂದ ಬಹುಮಾನ

ಕಂಕನಾಡಿ ಪೇಟೆ ಇನ್ನೂ ಎದ್ದಿಲ್ಲ. ಹಿಂದಿನ ಓಣಿಯ ಲಾಂಡ್ರಿಯಲ್ಲಿ ಮಾತ್ರ ಆಗಲೇ ಹಬೆ ತುಂಬಿದೆ. ಲಾಡ್ಜುಗಳಿಂದ ಬಂದ ಬೆಡ್‌ಶೀಟುಗಳನ್ನು ಕೊಡವಿ, ಕಲೆಯಾದದ್ದನ್ನು ಚೈತಾಲಿ ಬೇರೆ ರಾಶಿಗೆ ಎಸೆಯುತ್ತಿದ್ದಾರೆ. ತುಟಿ ಸುಮ್ಮನಿಲ್ಲ: "ಆಮ್ಲ, ಪ್ರತ್ಯಾಮ್ಲ, ಲವಣ..."

"ಬಾಯಲ್ಲಿ ಎಂತ ಬೇಕಾದರೂ ಓದು, ಕೈ ನಿಲ್ಲಿಸ್ಬೇಡ ಮಾರಾಯ್ತಿ," ಎದುರಿನಿಂದ ಜೊತೆ ಕೆಲಸದ ದೇಯಿ ರೇಗಿಸುತ್ತಾರೆ.

ಚೈತಾಲಿ ಎಂಬುದು ಅವರ ನಿಜ ಹೆಸರಲ್ಲ. ಇಲ್ಲಿರುವ ಯಾರ ಹೆಸರೂ ನಿಜವಲ್ಲ. ನಿಜ ಹೆಸರು ಬರೆದರೆ ಅವರಿಗೇ ತೊಂದರೆ. ಹೀಗೆ ಮರೆಮಾಚಿ ಬರೆಯುವುದು ಸರಿಯೇ ಎಂಬ ಅಳುಕು ನನಗಿನ್ನೂ ಹೋಗಿಲ್ಲ. ಮಗುವಾಗಿದ್ದಾಗ ತಾಯಿಯ ಸೊಂಟದಲ್ಲಿ ಕೂತು ದೇಶದ ಪೂರ್ವದ ಗಡಿ ದಾಟಿ ಬಂದವರು ಚೈತಾಲಿ. ಇಲ್ಲಿ ಸಿಗಡಿ ಸುಲಿದು ಸಾಕಿದ ತಾಯಿ ಈಗಿಲ್ಲ. ಮಗಳಿಗೆ ಜನನ ಪತ್ರ, ಆಧಾರ್, ರೇಷನ್ ಕಾರ್ಡ್ ಯಾವುದೂ ಇಲ್ಲ.

"ಏಳನೇವರೆಗೆ ಶಾಲೆಯಲ್ಲಿ ಕೂರಿಸಿಕೊಂಡರು. ಎಂಟಕ್ಕೆ ಬೇರೆ ಶಾಲೆಗೆ ಹೋದಾಗ ಕಾಗದ ಕೇಳಿದರು. ಅಮ್ಮ ನನ್ನ ಕೈ ಹಿಡ್ಕೊಂಡು ಹಾಗೇ ವಾಪಸ್ ಬಂದರು."

ಈಗ ದಿನಕ್ಕೆ ಸುಮಾರು ನಾನೂರು ಬೆಡ್‌ಶೀಟು ಮುಗಿಸಿ, ಸಂಜೆ ಡುಲ್ಸಿನ್ ಟೀಚರ ತರಗತಿಗೆ ಓಡುತ್ತಾರೆ. ಕೂಲಿಯವರನ್ನು ಹತ್ತನೇ ತರಗತಿ ಪರೀಕ್ಷೆಗೆ ಕೂರಿಸುವ ತರಗತಿ ಅದು. ಸೇರಲು ಗುರುತಿನ ಚೀಟಿ ಬೇಕು. ದೇಯಿ ತಮ್ಮ ಹೆಸರು ಕೊಟ್ಟು, ನಾಲ್ಕು ದಿನ ಬಂದು ನಿಲ್ಲಿಸಿದ್ದರು. ಆ ಖಾಲಿ ಜಾಗದಲ್ಲಿ ಟೀಚರ್ ಚೈತಾಲಿಯನ್ನು ಕೂರಿಸಿದರು. ಹಾಜರಿಯಲ್ಲಿ "ದೇಯಿ" ಎಂದರೆ ಎದ್ದು ನಿಲ್ಲುತ್ತಿದ್ದವರು ಚೈತಾಲಿ.

ಎಡವಟ್ಟಾದದ್ದು ವಾರ್ಷಿಕೋತ್ಸವದ ದಿನ. 'ನನ್ನ ಊರು' ಪ್ರಬಂಧಕ್ಕೆ ಮೊದಲ ಬಹುಮಾನ ದೇಯಿಗೆ ಎಂದು ಮೈಕಿನಲ್ಲಿ ಕೂಗಿದರು. ಬರೆದದ್ದು ಚೈತಾಲಿ. ಆದರೆ ಸಭೆಯ ತುಂಬ ದೇಯಿಯನ್ನು ಬಲ್ಲ ನೆರೆಯವರು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಚೈತಾಲಿ ಏಳಲಿಲ್ಲ. ಯಾರಿಗೂ ಅನುಮಾನ ಬಾರದಿರಲೆಂದು, ಸುಮ್ಮನೆ ನೋಡಲು ಬಂದಿದ್ದ ದೇಯಿಯೇ ವೇದಿಕೆ ಹತ್ತಿದರು. ಅತಿಥಿ ಪ್ರಬಂಧವನ್ನು ಕೈಗಿತ್ತು, "ಎರಡು ಸಾಲು ಓದಿಯಮ್ಮ," ಎಂದರು.

"ಕನ್ನಡಕ ತರ್ಲಿಲ್ಲ ಸರ್ ಅಂದೆ. ನಾನು ಜನ್ಮದಲ್ಲಿ ಕನ್ನಡಕ ಹಾಕಿದವಳಲ್ಲ!" ದೇಯಿ ನಗುತ್ತಾರೆ. ನಗು ಬೇಗ ನಿಲ್ಲುತ್ತದೆ. "ಇವಳು ಕೆಳಗೆ ಕೂತು ಚಪ್ಪಾಳೆ ತಟ್ತಾ ಇದ್ದಳು. ನನಗೆ ಮುಖ ಎತ್ಲಿಕ್ಕೆ ಆಗ್ಲಿಲ್ಲ."

ಟೀಚರೂ ಅದನ್ನು ಮರೆತಿಲ್ಲ. "ಉಪಕಾರ ಅಂತ ಮಾಡಿದೆ. ಅವಳು ಇಲ್ಲವೇ ಇಲ್ಲ ಅನ್ನುವ ಹಾಗೆ ಮಾಡಿಬಿಟ್ಟೆ," ಎಂದು ನೆಲ ನೋಡುತ್ತಾರೆ.

ಈಗ ಪರೀಕ್ಷೆಗೆ ಅರ್ಜಿ ಹಾಕುವ ಸಮಯ. ಚೈತಾಲಿಗಾಗಿ ಟೀಚರ್ ಅಲೆದ ಕಚೇರಿಗಳಲ್ಲೆಲ್ಲ ಒಂದೇ ಪ್ರಶ್ನೆ, ದಾಖಲೆ ಎಲ್ಲಿ? ಊಟದ ಹೊತ್ತಿಗೆ ದೇಯಿ ತಮ್ಮ ಆಧಾರ್ ಕಾರ್ಡನ್ನು ಚೈತಾಲಿಯ ಮುಂದಿಡುತ್ತಾರೆ. "ನನ್ನ ಹೆಸರಲ್ಲೇ ಬರಿ. ನನಗೇನು, ಪುಕ್ಕಟೆ ಪಾಸಾಗ್ತದೆ."

"ಬೇಡ ದೇಯಕ್ಕ. ಅಷ್ಟು ಓದಿ, ಪುನಃ ನಾನೇ ಚಪ್ಪಾಳೆ ತಟ್ಟುವುದಾ?"

ದೇಯಿ ಕಾರ್ಡನ್ನು ಸೆರಗಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆ ಸಂಜೆಯಿಂದ ಅವರೂ ತರಗತಿಗೆ ಬರುತ್ತಿದ್ದಾರೆ. "ಹೆಸರು ನನ್ನದಲ್ವಾ? ನಾನೇ ಕೂತ್ಕೊಳ್ತೇನೆ." ಅಕ್ಷರ ತಪ್ಪಿದಾಗ ಪಕ್ಕದಿಂದ ಚೈತಾಲಿ ತಿದ್ದುತ್ತಾರೆ. ಹಾಜರಿ ಮುಗಿದ ಮೇಲೆ ಟೀಚರ್, ಪಟ್ಟಿಯಲ್ಲಿ ಹೆಸರಿಲ್ಲದ ಚೈತಾಲಿಯತ್ತ ನೋಡುತ್ತಾರೆ. ಚೈತಾಲಿ ಕೈ ಎತ್ತುತ್ತಾರೆ.

ಪಾಸಾದರೆ ಮುಂದೇನು ಎಂದು ಚೈತಾಲಿಯನ್ನು ಕೇಳುತ್ತೇನೆ. ಅವರು ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ದೇಯಿಯ ಕೈಗೆ ಕೊಟ್ಟು ಹಿಂಡುತ್ತಾರೆ.

"ಪಾಸಿನದ್ದು ಮತ್ತೆ. ಒಮ್ಮೆ ಫೇಲಾದರೂ ಅಡ್ಡಿಯಿಲ್ಲ. ನನ್ನ ಹೆಸರಲ್ಲಿ ಫೇಲಾಗ್ಬೇಕು."